ತೋಟ ಇದ್ದರೂ ಸಾಲ ಸಿಗದೇಕೆ? ವಿದೇಶಿ ಓದಿನ ಶಿಕ್ಷಣ ಸಾಲ, ಕೊಡಗಿನ ಕಡೆಯಿಂದ ಒಂದು ವಿಮರ್ಶೆ

ಕೊಡಗಿನ ಮನೆಗಳಲ್ಲಿ ಮಕ್ಕಳ ವಿದೇಶಿ ಓದಿನ ಮಾತು ಬಂದರೆ ಹಿರಿಯರ ಬಾಯಲ್ಲಿ ಮೊದಲು ಬರುವುದು, "ತೋಟ ಇದೆಯಲ್ಲ, ಅಡ ಇಟ್ಟರಾಯಿತು." ಲೆಕ್ಕ ತಪ್ಪುವುದು ಅಲ್ಲಿಂದಲೇ. ಸರ್ಕಾರಿ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅಂಕ ಕೊಡಬೇಕೆಂದರೆ ಬಡ್ಡಿಗೆ ಹತ್ತಕ್ಕೆ ಎಂಟು, ಷರತ್ತುಗಳಿಗೆ ಏಳು, ಕೊಡಗಿನ ಜಮೀನಿನ ಕಾಗದ ಎದುರಿಗೆ ಬಂದಾಗ ಅದು ನಡೆದುಕೊಳ್ಳುವ ರೀತಿಗೆ ಮೂರು.

ಮೊದಲು ಒಳ್ಳೆಯದನ್ನು ಹೇಳೋಣ. ಹೆಚ್ಚಿನ ಸರ್ಕಾರಿ ಬ್ಯಾಂಕುಗಳಿಗೆ ತಳಪಾಯ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆ. 4 ಲಕ್ಷದವರೆಗೆ ಮಾರ್ಜಿನ್ ಇಲ್ಲ. ಅದಕ್ಕೆ ಮೇಲಾದರೆ ವಿದೇಶಿ ಓದಿನ ಖರ್ಚಿನಲ್ಲಿ 15% ನಿಮ್ಮ ಕೈಯಿಂದ ಹೋಗಬೇಕು. 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವಂತಿಲ್ಲ. ಮಾರ್ಜಿನ್ ಹಣವನ್ನು ಒಂದೇ ಸಲ ಕಟ್ಟಬೇಕಿಲ್ಲ, ವರ್ಷ ವರ್ಷ ಹಣ ಬಿಡುಗಡೆಯಾದಂತೆ ಅದೇ ಪ್ರಮಾಣದಲ್ಲಿ ಕಟ್ಟಿದರೆ ಸಾಕು. ವಿದ್ಯಾರ್ಥಿವೇತನ ಸಿಕ್ಕಿದ್ದರೆ ಅದನ್ನೂ ಮಾರ್ಜಿನ್ ಎಂದು ಲೆಕ್ಕಕ್ಕೆ ಹಿಡಿಯಬಹುದು. ಈ ಕೊನೆಯ ಮಾತನ್ನು ಕೌಂಟರಿನಲ್ಲಿ ತಾವಾಗಿ ಹೇಳುವವರು ಕಡಿಮೆ, ನೀವೇ ಕೇಳಬೇಕು.

ಅರ್ಜಿ ಹಾಕಲು 2015ರಲ್ಲಿ ಬಂದ ವಿದ್ಯಾಲಕ್ಷ್ಮಿ ಪೋರ್ಟಲ್‌ನ ಉಪಾಯ ಚೆನ್ನಾಗಿದೆ: ಒಂದೇ ನಮೂನೆ, ಮೂರು ಬ್ಯಾಂಕುಗಳಿಗೆ ಅರ್ಜಿ. ಆದರೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಬೇರೆಯೇ ಯೋಜನೆ. ಅದು ಭಾರತದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ಹೆಸರು ಒಂದೇ ಥರ ಇರುವುದರಿಂದ, ಅಡಮಾನವಿಲ್ಲದ ಸಾಲ ಲಂಡನ್ನಿನ ಓದಿಗೂ ಸಿಗುತ್ತದೆಂದು ನಂಬಿ ಕಾಯುವವರಿದ್ದಾರೆ. ಸಿಗದು.

ಇನ್ನು ಜಮೀನಿನ ವಿಚಾರ. 30–40 ಲಕ್ಷದ ಸಾಲ ಕೇಳಿದರೆ, ವಿಶ್ವವಿದ್ಯಾಲಯ ಬ್ಯಾಂಕಿನ ಆಯ್ದ ಪಟ್ಟಿಯಲ್ಲಿ ಇಲ್ಲದಿದ್ದಾಗ, ಅಡಮಾನ ಬೇಕೇ ಬೇಕು. ಕೃಷಿ ಜಮೀನು ಎಂದ ಕೂಡಲೇ ಬ್ಯಾಂಕು ಹಿಂಜರಿಯಲು ಕಾರಣ ಸರ್ಫೇಸಿ, ಅಂದರೆ ಅಡಮಾನದ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ಪಡೆದು ಮಾರಲು ಬಿಡುವ ಕಾಯ್ದೆ. ಅದರ 31ನೇ ಸೆಕ್ಷನ್ ಕೃಷಿ ಜಮೀನನ್ನು ಹೊರಗಿಟ್ಟಿದೆ, ಅಂದರೆ ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಹರಾಜು ಹಾಕಲು ಬರುವುದಿಲ್ಲ. ಕಾಫಿ ತೋಟ ಆ ವಿನಾಯಿತಿಯೊಳಗೆ ಬರುತ್ತದೋ ಇಲ್ಲವೋ ಎಂಬ ಜಗಳ ಬೆಳೆಗಾರರಿಗೂ ಬ್ಯಾಂಕುಗಳಿಗೂ ನಡೆದೇ ಇದೆ. ಹೀಗಾಗಿ ಒಂದು ಶಾಖೆ ತೋಟ ಬೇಡವೇ ಬೇಡ ಎಂದರೆ ಇನ್ನೊಂದು ಶಾಖೆ ವಕೀಲರ ಅಭಿಪ್ರಾಯ ತನ್ನಿ ಎನ್ನುತ್ತದೆ.

ವಕೀಲರ ಮೇಜಿಗೆ ಹೋದ ಮೇಲೆ ನಿಜವಾದ ಕೊಡಗು ಶುರು. ಜಮ್ಮಾ ಬಾಣೆ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು. ಅದರ ಪಹಣಿಯಲ್ಲಿ ಪಟ್ಟೆದಾರನ (ಮನೆತನದ ಪರವಾಗಿ ದಾಖಲೆಯಲ್ಲಿರುವ ಹಿರಿಯನ) ಹೆಸರು ಅಜ್ಜನದ್ದೋ ಮುತ್ತಜ್ಜನದ್ದೋ ಇರುತ್ತದೆ. ಒಕ್ಕದ, ಅಂದರೆ ಮನೆತನದ, ಉಳಿದವರು ಜಂಟಿ ಒಡೆಯರು. ಮನೆಯೊಳಗೆ ಬಾಯಿಮಾತಿನಲ್ಲಿ ಪಾಲಾಗಿ ಮೂವತ್ತು ವರ್ಷ ಆಗಿರಬಹುದು, ಆದರೆ ನೋಂದಾಯಿತ ವಿಭಾಗಪತ್ರ ಇಲ್ಲ, ಪೋಡಿ (ಸರ್ವೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲ. ಆಗ ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳುತ್ತಾರೆ, ಅದರಲ್ಲಿರುವ ಪ್ರತಿಯೊಬ್ಬರ ಒಪ್ಪಿಗೆ ಸಹಿ ಕೇಳುತ್ತಾರೆ. ಮದುವೆಯಾಗಿ ಬೆಂಗಳೂರಿಗೆ ಹೋದ ಅತ್ತೆ, ದುಬೈನಲ್ಲಿರುವ ಚಿಕ್ಕಪ್ಪ, ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ದೊಡ್ಡಪ್ಪ, ಎಲ್ಲರದ್ದೂ. ಅದರ ಮೇಲೆ ಜಾಗ ರಿಡೀಮ್ಡೋ ಅನ್‌ರಿಡೀಮ್ಡೋ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದಾರೋ ಇಲ್ಲವೋ ಎಂಬ ಪ್ರಶ್ನೆ. ಹೊರ ಊರಿನ ವಕೀಲರಿಗೆ ಈ ಪದವೇ ಹೊಸದು. ಕಡತ ಅಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಪಹಣಿಯ 11ನೇ ಕಲಂ ಒಮ್ಮೆ ನೋಡಿ. ಬೆಳೆ ಸಾಲದ ಋಣ ಅಲ್ಲಿ ಕೂತಿರುತ್ತದೆ. ತೀರಿಸಿದ ಸಾಲವೂ ಕೆಲವೊಮ್ಮೆ ಹಾಗೇ ಉಳಿದಿರುತ್ತದೆ, ಸಹಕಾರ ಸಂಘದಿಂದ ಋಣಮುಕ್ತ ಪತ್ರ ತಂದು ತೆಗೆಸಬೇಕು. ಬೆಳೆ ಸಾಲವನ್ನು ಒಂದು ಬಾರಿ ತೀರುವಳಿಯಲ್ಲಿ ಕಡಿಮೆ ಮಾಡಿಸಿ ಕಟ್ಟಿದ್ದರೆ ಅಪ್ಪನ ಸಿಬಿಲ್ ವರದಿಯಲ್ಲಿ (ಸಾಲ ತೀರಿಸಿದ ಚರಿತ್ರೆ) 'ಸೆಟಲ್ಡ್', ಅಂದರೆ ಪೂರ್ತಿ ಕಟ್ಟಿಲ್ಲ, ಎಂದು ಬಂದಿರುತ್ತದೆ. ಸಹ-ಅರ್ಜಿದಾರರಾಗಿ ಅಪ್ಪನ ಬದಲು ಪಿಂಚಣಿ ಬರುವ ಅಮ್ಮನೋ ಸಂಬಳದ ಅಣ್ಣನೋ ಬರುವುದು ಆಗ ಒಳ್ಳೆಯದು.

ಕೆಲಸಕ್ಕೆ ಬರುವ ಅಡಮಾನ ಬೇರೆ: ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಪಟ್ಟಣದೊಳಗಿನ ಖಾತೆ ಇರುವ ಮನೆ ಅಥವಾ ನಿವೇಶನ, ಮೈಸೂರಿನಲ್ಲಿ ಸಂಬಂಧಿಕರ ಫ್ಲ್ಯಾಟ್, ಠೇವಣಿ, ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ಬೇಕು. ತೋಟದ ನಡುವಿನ ದೊಡ್ಡ ಮನೆಗೆ ಭೂಪರಿವರ್ತನೆ ಆಗಿರದಿದ್ದರೆ ಈ ನಮೂನೆಗಳು ಸಿಗುವುದಿಲ್ಲ. ಕೋಟಿ ಬಾಳುವ ಮನೆ ಬ್ಯಾಂಕಿನ ಕಣ್ಣಿಗೆ ಬರೀ ತೋಟ. ಋಣಭಾರ ಪತ್ರ ಕಾವೇರಿ ಪೋರ್ಟಲ್‌ನಲ್ಲಿ ಬರುತ್ತದೆ, ಹಳೆಯ ವರ್ಷಗಳದ್ದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಹೋಗಬೇಕು.

ಬಡ್ಡಿಯ ಲೆಕ್ಕ ಮನೆಯಲ್ಲೇ ಮಾಡಿಕೊಳ್ಳಿ. 30 ಲಕ್ಷ, 10% ಬಡ್ಡಿ, ಇಡೀ ಹಣ ಮೊದಲೇ ಬಿಡುಗಡೆ ಆಯಿತೆಂದುಕೊಳ್ಳಿ. ಎರಡು ವರ್ಷದ ಓದು, ಮೇಲೆ ಆರು ತಿಂಗಳ ಬಿಡುವು, ಒಟ್ಟು 7.5 ಲಕ್ಷ ಸಾದಾ ಬಡ್ಡಿ ಸೇರಿ ಅಸಲು 37.5 ಲಕ್ಷವಾಗುತ್ತದೆ. 15 ವರ್ಷದ ಕಂತು ತಿಂಗಳಿಗೆ ಸುಮಾರು 40,300. ಓದುವಾಗಲೇ ತಿಂಗಳಿಗೆ 25,000 ಬಡ್ಡಿ ಕಟ್ಟುತ್ತ ಹೋದರೆ ಕಂತು 32,200ರ ಸುತ್ತ ನಿಲ್ಲುತ್ತದೆ. ಓದುವಾಗ ಬಡ್ಡಿ ಕಟ್ಟಿದವರಿಗೆ ದರದಲ್ಲಿ 1% ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ತೊಡಕು ಏನೆಂದರೆ ತೋಟದ ದುಡ್ಡು ತಿಂಗಳು ತಿಂಗಳು ಬರುವುದಲ್ಲ. ರೊಬಸ್ಟಾ ಕುಯ್ಲು ಜನವರಿಯಿಂದ, ಮೆಣಸು ಅದರ ಬೆನ್ನಿಗೆ, ಕೈಗೆ ಕಾಸು ಮಾರ್ಚ್–ಏಪ್ರಿಲ್‌ಗೆ. ವಿಶ್ವವಿದ್ಯಾಲಯದ ಶುಲ್ಕವೋ ಆಗಸ್ಟ್–ಸೆಪ್ಟೆಂಬರ್‌ಗೆ, ಮಳೆಗಾಲದಲ್ಲಿ ಗೊಬ್ಬರ, ಕೂಲಿ, ಔಷಧಿಗೆ ಕೈ ಖಾಲಿಯಾಗಿರುವ ಹೊತ್ತಿಗೆ. ಏಪ್ರಿಲ್‌ನಲ್ಲೇ ವರ್ಷದ ಬಡ್ಡಿಯಷ್ಟು ಹಣವನ್ನು ಸಾಲದ ಖಾತೆಗೆ ತುಂಬಿಬಿಡಿ. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡವಿಲ್ಲ.

ಖಾಸಗಿ ಎನ್‌ಬಿಎಫ್‌ಸಿಗಳು (ಬ್ಯಾಂಕಲ್ಲದ ಸಾಲ ಕಂಪನಿಗಳು) ತೋಟವನ್ನೂ ಕೇಳುವುದಿಲ್ಲ, ಒಕ್ಕವನ್ನೂ ಕೇಳುವುದಿಲ್ಲ. ಮಗುವಿನ ಅಂಕ, ಕಾಲೇಜು, ಸಹ-ಅರ್ಜಿದಾರರ ತಿಂಗಳ ಆದಾಯ ನೋಡಿ ಬೇಗ ಮಂಜೂರು ಮಾಡುತ್ತವೆ. ಬೆಲೆಯೂ ಹಾಗೇ: ದರ ಹೆಚ್ಚು, ಓದುವಾಗಲೇ ಬಡ್ಡಿ ಕಟ್ಟುವ ಕರಾರು, ಜೊತೆಗೆ ಹಚ್ಚಿದ ವಿಮೆ. ವಿಮೆ ಕಡ್ಡಾಯವಲ್ಲ, ಮಂಜೂರಾತಿ ಪತ್ರದಲ್ಲಿ ಅದರ ಸಾಲು ಹುಡುಕಿ ತೆಗೆಸಿ. ಶಿಕ್ಷಣ ಸಾಲದ ಬಡ್ಡಿಗಿರುವ ಆದಾಯ ತೆರಿಗೆ ರಿಯಾಯಿತಿ (1961ರ ಕಾಯ್ದೆಯ 80ಇ) ಆ ಕಂಪನಿಯ ಸಾಲಕ್ಕೆ ಸಿಗುತ್ತದೋ ಇಲ್ಲವೋ ಲಿಖಿತವಾಗಿ ಕೇಳಿ. ಸಿಕ್ಕರೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಎಂಟು ವರ್ಷದವರೆಗೆ, ಬಡ್ಡಿಯ ಮೇಲೆ ಮಾತ್ರ. ತಿಂಗಳ ಸಂಬಳವಿಲ್ಲದ ಬೆಳೆಗಾರನ ಮನೆಗೆ ಇದು ಎರಡನೆಯ ದಾರಿಯೇ ಹೊರತು ಮೊದಲನೆಯದಲ್ಲ.

ಸಾಲಕ್ಕಿಂತ ಮುಂಚೆ ನೋಡಬೇಕಾದದ್ದು ಕಾಲೇಜೇ ಕೊಡುವ ನೆರವು. ಅಮೆರಿಕದಲ್ಲಿ ಪದವಿ ಓದಲು ಹೊರಟವರಿಗೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕಡೆ ನೆರವು ಕೇಳಿದ್ದರಿಂದ ಪ್ರವೇಶಕ್ಕೆ ತೊಂದರೆಯಿಲ್ಲ. ಉಳಿದ ಹೆಚ್ಚಿನ ಕಡೆ ವಿದೇಶಿ ವಿದ್ಯಾರ್ಥಿ ಹಣ ಕೇಳಿದರೆ ಆಯ್ಕೆಯಲ್ಲಿ ಅದನ್ನೂ ತೂಗುತ್ತಾರೆ. ಹಾಗೆಂದು ಮೊದಲು ಕೇಳದೆ ಎರಡನೇ ವರ್ಷ ಕೇಳೋಣವೆಂದರೆ ಬಹಳಷ್ಟು ಕಾಲೇಜುಗಳು ಕೊಡುವುದೇ ಇಲ್ಲ. ಎಫ್‌ಎಎಫ್‌ಎಸ್‌ಎ (ಅಮೆರಿಕ ಸರ್ಕಾರದ ನೆರವಿನ ಅರ್ಜಿ) ನಮಗಲ್ಲ. ನಮಗಿರುವುದು ಸಿಎಸ್‌ಎಸ್ ಪ್ರೊಫೈಲ್ (ಮನೆಯ ಆದಾಯ, ಆಸ್ತಿ ತಿಳಿಸಲು ಹಲವು ಕಾಲೇಜುಗಳು ಕೇಳುವ ನಮೂನೆ) ಅಥವಾ ಕಾಲೇಜಿನ ಸ್ವಂತ ನಮೂನೆ.

ಆ ಪ್ರೊಫೈಲ್ ತುಂಬುವಾಗ ಕೊಡಗಿನ ಮನೆ ಎಡವುವುದು ಎರಡು ಕಡೆ. ತೋಟದ ಮೌಲ್ಯ ಎಂಬಲ್ಲಿ ರಿಯಲ್ ಎಸ್ಟೇಟ್ ದಲ್ಲಾಳಿ ಹೇಳುವ ಎಕರೆ ಬೆಲೆ ಬರೆದು, ಒಕ್ಕದ ಜಂಟಿ ಹತ್ತು ಎಕರೆಯನ್ನೂ ಒಬ್ಬರದೇ ಎಂದು ತೋರಿಸಿಬಿಡುತ್ತಾರೆ. ಕಾಗದದ ಮೇಲೆ ಅದು ಶ್ರೀಮಂತರ ಮನೆ. ನಿಮ್ಮ ಪಾಲಿಗೆ ಬರುವುದಷ್ಟನ್ನೇ ಬರೆದು, ಜಂಟಿ ಒಡೆತನವನ್ನು ವಿವರಣೆಯ ಜಾಗದಲ್ಲಿ ಎರಡು ಸಾಲಿನಲ್ಲಿ ಹೇಳಿ. ಇನ್ನೊಂದು ಆದಾಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್‌ನಲ್ಲಿ ಸೊನ್ನೆ ಕಾಣುತ್ತದೆ, ಅಥವಾ ರಿಟರ್ನ್ ಹಾಕಿರುವುದೇ ಇಲ್ಲ. ಸೊನ್ನೆ ಆದಾಯದ ಮನೆಗೆ ಕಾರು ಹೇಗೆ ಬಂತು ಎಂದು ಅಲ್ಲಿನ ಅಧಿಕಾರಿಗೆ ಅನುಮಾನ. ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು) ಮಾಡಿಸಿ ಮಾರಿದ ಕಾಫಿಯಾದರೆ ಆದಾಯದ 25% ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹಸಿಹಣ್ಣೋ ಒಣ ಚೆರಿಯೋ ವ್ಯಾಪಾರಿಗೆ ಕೊಟ್ಟವರು ಮೂರು ವರ್ಷದ ಬಿಲ್ ಇಟ್ಟುಕೊಂಡಿರಬೇಕು: 50 ಕೆಜಿ ಚೀಲ ಎಷ್ಟು, ಔಟ್‌ಟರ್ನ್ (ಚೀಲದಿಂದ ಸಿಕ್ಕ ಬೀಜದ ತೂಕ) ಎಷ್ಟು, ದರ ಎಷ್ಟು, ಹಣ ಯಾವ ಖಾತೆಗೆ. ನಗದಿನಲ್ಲಿ ಮುಗಿಸಿದ ವ್ಯಾಪಾರಕ್ಕೆ ಸಾಕ್ಷಿಯಿಲ್ಲ. ಕುಯ್ಲು, ಗೊಬ್ಬರ, ಕೂಲಿಯ ಖರ್ಚು ಕಳೆದು ಉಳಿದದ್ದನ್ನು ಆದಾಯ ಎಂದು ಬರೆಯಿರಿ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ತೋಟ ಕಳೆದುಕೊಂಡ ಮನೆಯವರು ಕಂದಾಯ ಇಲಾಖೆಯ ನಷ್ಟದ ದಾಖಲೆಯನ್ನು ವಿಶೇಷ ಪರಿಸ್ಥಿತಿಯ ಜಾಗಕ್ಕೆ ಲಗತ್ತಿಸಬಹುದು.

ವಿದ್ಯಾರ್ಥಿವೇತನಗಳಲ್ಲಿ ಯಾವುದು ಯಾರಿಗೆ ಎಂಬುದರಲ್ಲೇ ಅರ್ಧ ಸಮಯ ಹಾಳಾಗುತ್ತದೆ. ಚೀವ್ನಿಂಗ್‌ಗೆ (ಬ್ರಿಟನ್ ಸರ್ಕಾರದ್ದು) ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿಸಿ ದೇಶಕ್ಕೆ ಮರಳಿ ಎರಡು ವರ್ಷ ಇರಬೇಕು. ಫುಲ್‌ಬ್ರೈಟ್-ನೆಹರು ಸ್ನಾತಕೋತ್ತರಕ್ಕೆ (ಅಮೆರಿಕದ ಓದಿಗೆ) ಮೂರು ವರ್ಷದ ಅನುಭವ. ಪೊನ್ನಂಪೇಟೆಯಲ್ಲಿ ಈಗ ತಾನೇ ಪದವಿ ಮುಗಿಸಿದವರಿಗೆ ಎರಡೂ ಅಲ್ಲ. ಅವರು ನೋಡಬೇಕಾದದ್ದು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್, ತಿಂಗಳಿಗೆ 1,400 ಯೂರೋ. 1892ರಿಂದ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ, ದಾನವಲ್ಲ. ಮಾಜಿ ಸೈನಿಕರ ಮಕ್ಕಳಿಗಿರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ವಿದೇಶಿ ಓದಿಗೆ ಅನ್ವಯಿಸುವುದಿಲ್ಲ. ಮನೆಗೊಬ್ಬ ಫೌಜಿ ಇರುವ ನಮ್ಮ ಜಿಲ್ಲೆಯಲ್ಲಿ ಈ ತಪ್ಪು ಕಲ್ಪನೆ ಗಟ್ಟಿಯಾಗಿದೆ. ಪರಿಶಿಷ್ಟ ಜಾತಿಯವರಿಗೆ ರಾಷ್ಟ್ರೀಯ ವಿದೇಶಿ ವಿದ್ಯಾರ್ಥಿವೇತನವೂ ರಾಜ್ಯದ ಪ್ರಬುದ್ಧ ಯೋಜನೆಯೂ ಇವೆ. ಪರಿಶಿಷ್ಟ ಪಂಗಡದ ರಾಷ್ಟ್ರೀಯ ಯೋಜನೆಯ 20 ಸ್ಥಾನಗಳಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು, ಜೇನುಕುರುಬರು ಆ ಪಟ್ಟಿಯಲ್ಲಿದ್ದಾರೆ. ಹಾಡಿಗಳ ಪದವೀಧರರಿಗೆ ಇದನ್ನು ಹೋಗಿ ಹೇಳುವವರು ಬೇಕು.

ವೀಸಾಕ್ಕೆ ತೋರಿಸುವ ಹಣದಲ್ಲೂ ದೇಶಕ್ಕೊಂದು ಕ್ರಮ. ಬ್ರಿಟನ್ನಿಗೆ ಖಾತೆಯಲ್ಲಿ ಹಣ ಸತತ 28 ದಿನ ಕೂತಿರಬೇಕು, ಒಂದು ದಿನ ಕಡಿಮೆಯಾದರೂ ಅರ್ಜಿ ಬಿದ್ದುಹೋಗಬಹುದು. ಜರ್ಮನಿಗೆ 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆ) 11,904 ಯೂರೋ. ಸಾಲದಿಂದ ಇದನ್ನು ತುಂಬುವುದಾದರೆ 'ಜೀವನ ವೆಚ್ಚ' ಎಂದು ಮಂಜೂರಾತಿ ಪತ್ರದಲ್ಲೇ ಬರೆಸಬೇಕು, ಇಲ್ಲದಿದ್ದರೆ ಬ್ಯಾಂಕು ಶುಲ್ಕ ಬಿಟ್ಟು ಬೇರೆಯದಕ್ಕೆ ಹಣ ಬಿಡುವುದಿಲ್ಲ. ಸಾಲ ಮಂಜೂರಾಗುವುದು ರೂಪಾಯಿಯಲ್ಲಿ, ಶುಲ್ಕ ಪೌಂಡಿನಲ್ಲಿ. ಪೌಂಡಿಗೆ 110 ಇದ್ದಾಗ 20,000 ಪೌಂಡಿಗೆ 22 ಲಕ್ಷ. 118 ಆದರೆ 1.6 ಲಕ್ಷ ಕಡಿಮೆ ಬೀಳುತ್ತದೆ. ಅರ್ಜಿಯಲ್ಲೇ ಸ್ವಲ್ಪ ಹೆಚ್ಚು ಕೇಳಿ, ಬೇಡದ್ದನ್ನು ತೆಗೆದುಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಕಳಿಸಿದ ಹಣಕ್ಕೆ ಟಿಸಿಎಸ್ (ಹಣ ಕಳಿಸುವಾಗಲೇ ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಹಿಡಿಯುತ್ತಾರೆ, ರಿಟರ್ನ್ ಹಾಕಿ ವಾಪಸು ಪಡೆಯಬಹುದು.

ಕೊನೆಗೆ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆಹೆಸರು ಒಂದೇ ಅಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಮನೆಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಅದೇ ಸರ್‌ನೇಮ್ ಕಾಲಂನಲ್ಲಿ ಕೊನೆಗೆ. ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿರುವಂತೆಯೇ ಪ್ರವೇಶದ ಅರ್ಜಿ, ಸಾಲದ ಅರ್ಜಿ, ಐ-20 (ವೀಸಾಕ್ಕಾಗಿ ಅಮೆರಿಕದ ಕಾಲೇಜು ಕೊಡುವ ಪತ್ರ) ಎಲ್ಲದರಲ್ಲೂ ಹೆಸರು ಇರುವಂತೆ ನೋಡಿಕೊಂಡು, ಮೂರು ರೂಪವೂ ಒಬ್ಬರದ್ದೇ ಎಂಬ ನೋಟರಿ ಅಫಿಡವಿಟ್‌ನ ನಾಲ್ಕು ಪ್ರತಿ ಮೊದಲೇ ಮಾಡಿಸಿಡಿ. ಒಂದು ಬ್ಯಾಂಕಿಗೆ, ಒಂದು ಬ್ಯಾಂಕಿನ ವಕೀಲರಿಗೆ, ಒಂದು ವೀಸಾ ಕಡತಕ್ಕೆ, ಇನ್ನೊಂದು ಮಗುವಿನ ಕೈಚೀಲಕ್ಕೆ.