ದ್ವಿತೀಯಾ, ಚತುರ್ಥಿಯ ದಾರಿಯಲ್ಲಿ ಸ್ಪ್ಯಾನಿಷ್: ಹಂಪನಕಟ್ಟೆಯ ಸಂಜೆ ತರಗತಿಯ ವಿಮರ್ಶೆ

ಮಂಗಳೂರಿನ ಹಂಪನಕಟ್ಟೆಯ ಸಮೀಪ ಸಂಜೆ ಹೊತ್ತು ನಡೆಯುವ ಸ್ಪ್ಯಾನಿಷ್ ತರಗತಿಯೊಂದರಲ್ಲಿ ಎ2 ಹಂತದ (ಯುರೋಪಿನ ಭಾಷಾ ಮಟ್ಟಗಳಲ್ಲಿ ಎ1ರ ನಂತರದ ಎರಡನೆಯ ಹಂತ) ಪಾಠಗಳನ್ನು ಇತ್ತೀಚೆಗೆ ಮುಗಿಸಿದ್ದೇನೆ. ಇಡೀ ಪಠ್ಯಕ್ರಮವನ್ನು ಬಿಟ್ಟು, ಕಲಿಯುವವರು ಬಹಳವಾಗಿ ಎಡವುವ ಕರ್ಮ ಸರ್ವನಾಮಗಳನ್ನು ('ಅವನನ್ನು', 'ಅವನಿಗೆ' ಎಂಬಂಥವು) ಅಲ್ಲಿ ಹೇಗೆ ಕಲಿಸುತ್ತಾರೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುವವರಿಗೆ 'ಲೋ' ಮತ್ತು 'ಲೇ' ಎರಡಕ್ಕೂ 'ಹಿಮ್' ಎಂಬ ಒಂದೇ ಪದ ಸಿಗುವುದರಿಂದ ಗೊಂದಲ ಅಲ್ಲಿಯೇ ಹುಟ್ಟುತ್ತದೆ. ಈ ತರಗತಿಯ ಅಧ್ಯಾಪಕರು ಇಂಗ್ಲಿಷನ್ನು ಬದಿಗಿಟ್ಟು, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಿಭಕ್ತಿಗಳಿಂದ ಆರಂಭಿಸುತ್ತಾರೆ: 'ಅವನನ್ನು ನೋಡಿದೆ' ಎಂಬ ದ್ವಿತೀಯೆಗೆ 'ಲೋ ವಿ', 'ಅವನಿಗೆ ಹೇಳಿದೆ' ಎಂಬ ಚತುರ್ಥಿಗೆ 'ಲೇ ದಿಹೆ'. 'ನನಗೆ ಕಾಫಿ ಇಷ್ಟ' ಎನ್ನುವ ನಮಗೆ 'ಮೇ ಗುಸ್ತಾ ಎಲ್ ಕಾಫೇ' ಎಂಬ ರಚನೆ ವಿಚಿತ್ರವೆನಿಸುವುದೇ ಇಲ್ಲ. ಈ ಹೊಂದಾಣಿಕೆ ಎಲ್ಲ ಕಡೆಯೂ ನಡೆಯದು ಎಂಬ ಎಚ್ಚರಿಕೆಯನ್ನೂ ಅವರು ಮೊದಲೇ ಕೊಡುತ್ತಾರೆ. 'ಅವನನ್ನು ಕೇಳಿದೆ' ಎನ್ನಲು ಸ್ಪ್ಯಾನಿಷಿನಲ್ಲಿ ಚತುರ್ಥಿಯ 'ಲೇ ಪ್ರೆಗುಂತೆ' ಬೇಕು, 'ಅವನಿಗಾಗಿ ಕಾದೆ' ಎನ್ನಲು ದ್ವಿತೀಯೆಯ 'ಲೋ ಎಸ್ಪೆರೆ' ಬೇಕು.

ಕನ್ನಡ ನಮಗೆ ಅಡ್ಡಿಯಾಗುವ ಜಾಗ ಬೇರೆಯೇ ಇದೆ. 'ಬೀಗದ ಕೈ ಎಲ್ಲಿ?' ಎಂದರೆ 'ಅಮ್ಮನಿಗೆ ಕೊಟ್ಟೆ' ಎನ್ನುತ್ತೇವೆ, 'ಅದನ್ನು' ಎಂದು ಸೇರಿಸುವುದಿಲ್ಲ. ಸ್ಪ್ಯಾನಿಷಿನಲ್ಲಿ 'ಸೇ ಲಾ ದಿ ಆ ಮಿ ಮಾದ್ರೆ' ಎಂದೇ ಹೇಳಬೇಕು: ಬೀಗದ ಕೈ ಸ್ತ್ರೀಲಿಂಗವಾದ್ದರಿಂದ 'ಲಾ', ಅದಕ್ಕೆ ಮೊದಲು 'ಲೇ' ಬರುವಂತಿಲ್ಲವಾದ್ದರಿಂದ ಅದರ ಬದಲು 'ಸೇ', ಮತ್ತು ಆ 'ಸೇ' ಯಾರೆಂಬುದನ್ನು ಸ್ಪಷ್ಟಪಡಿಸಲು ಕೊನೆಯಲ್ಲಿ 'ಆ ಮಿ ಮಾದ್ರೆ'. ಅಧ್ಯಾಪಕರು ಇದೊಂದು ವಾಕ್ಯಕ್ಕೆ ಇಡೀ ಸಂಜೆಯನ್ನೇ ಮೀಸಲಿಟ್ಟರು, ಮತ್ತು ಅದು ಸಾರ್ಥಕವಾಯಿತು. ಮನೆಮಾತು ಕೊಂಕಣಿಯಾಗಿರುವ ಸಹಪಾಠಿಗಳಿಗೆ ಜಡವಸ್ತುಗಳ ಲಿಂಗ ಹೊಸತಲ್ಲ. ತುಳು, ಕನ್ನಡದವರಾದ ನಾವು ಮಾತ್ರ ಪ್ರತಿಯೊಂದು ನಾಮಪದದ ಲಿಂಗವನ್ನೂ ನೆನಪಿಡಬೇಕಾಗುತ್ತದೆ.

ಸರ್ವನಾಮದ ಸ್ಥಾನದ ಪಾಠ ಚುರುಕಾಗಿ ಮುಗಿಯಿತು. ಕಾಲ, ಪುರುಷಕ್ಕೆ ತಕ್ಕಂತೆ ರೂಪಗೊಂಡ ಕ್ರಿಯಾಪದಕ್ಕೆ ಮೊದಲು, ಆಜ್ಞೆಯ ವಿಧಿರೂಪಕ್ಕೆ ಅಂಟಿಕೊಂಡು 'ದಾಮೆಲೋ' (ಅದನ್ನು ನನಗೆ ಕೊಡು), ನಿಷೇಧದಲ್ಲಿ ಮತ್ತೆ ಮೊದಲಿಗೆ 'ನೋ ಮೇ ಲೋ ದೆಸ್' (ಅದನ್ನು ನನಗೆ ಕೊಡಬೇಡ) ಎಂಬಷ್ಟನ್ನು ಅಭ್ಯಾಸ ಮಾಡಿದರೆ ಸಾಕು.

ಕೊರತೆ ಇರುವುದು ಮಾತಿನ ಅಭ್ಯಾಸದಲ್ಲಿ. ಬಿಟ್ಟ ಸ್ಥಳ ತುಂಬುವ ಹಾಳೆಗಳು ಧಾರಾಳವಾಗಿವೆ, ಆದರೆ ಎದುರಿಗಿರುವವರ ಪ್ರಶ್ನೆಗೆ ಕ್ಷಣದಲ್ಲಿ 'ಸೇ ಲೋ' ಹೊಂದಿಸಿ ಉತ್ತರಿಸುವ ಅವಕಾಶ ವಿರಳ. ಸ್ಪೇನಿನ ಹಲವೆಡೆ ಪುರುಷನೊಬ್ಬನ ವಿಷಯದಲ್ಲಿ 'ಲೋ ವಿ' ಬದಲು 'ಲೇ ವಿ' ಎನ್ನುವುದನ್ನು ಅಲ್ಲಿಯ ಭಾಷಾ ಸಂಸ್ಥೆಯಾದ ರಾಯಲ್ ಅಕಾಡೆಮಿಯೂ ಒಪ್ಪುತ್ತದೆ. ಈ ಸಂಗತಿ ತರಗತಿಯಲ್ಲಿ ಪ್ರಸ್ತಾಪವಾಗದ ಕಾರಣ, ಸ್ಪೇನಿನ ಧ್ವನಿಮುದ್ರಿಕೆಗಳನ್ನು ಕೇಳಿದಾಗ ಕೆಲವರು ತಮ್ಮ ಪಾಠವೇ ತಪ್ಪೆಂದು ಭಾವಿಸಿದರು. ಮಳೆಗಾಲದಲ್ಲಿ ತಪ್ಪಿದ ಪಾಠಕ್ಕೆ ಬದಲಿ ವ್ಯವಸ್ಥೆಯೂ ಇಲ್ಲ. (ಜೂನ್, ಜುಲೈಯಲ್ಲಿ ಸೇರುವವರು ಇದನ್ನು ಗಮನಿಸಬೇಕು.)

ಎ1 ಮುಗಿಸಿ, ವ್ಯಾಕರಣವನ್ನು ಬುಡದಿಂದ ಅರ್ಥ ಮಾಡಿಕೊಳ್ಳಲು ಬಯಸುವವರಿಗೆ ಈ ತರಗತಿಯನ್ನು ಹಿಂಜರಿಯದೆ ಸೂಚಿಸುತ್ತೇನೆ. ಸ್ಪ್ಯಾನಿಷ್ ಭಾಷಾ ಪ್ರಮಾಣಪತ್ರದ ಡೆಲೆ ಪರೀಕ್ಷೆಯ ಮೌಖಿಕ ಭಾಗಕ್ಕೆ ಸಿದ್ಧರಾಗುತ್ತಿರುವವರು ಮಾತ್ರ ಸಂಭಾಷಣೆಗೆ ಬೇರೆ ಏರ್ಪಾಡು ಮಾಡಿಕೊಂಡೇ ಸೇರಬೇಕು.