ತೋಟದ ಎಟಿವಿಗೆ ಚೈನ್ ಸೆಟ್ ಹಾಕಿಸ್ತಿದ್ದೀರಾ? ಮೊದಲು ಹಲ್ಲು ಎಣಿಸಿ

ಆಲ್ದೂರು, ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಕೆಲಸಕ್ಕೆ ಎಟಿವಿ (ಬೈಕಿನ ಥರ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಗಾಡಿ) ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಚೈನು, ಸ್ಪ್ರಾಕೆಟ್ (ಚೈನು ಕೂರೋ ಹಲ್ಲಿನ ಚಕ್ರ) ಹಾಕೋದು ಬೈಕಿನ ಕೆಲಸ ಇದ್ದಂಗೇ ಅಂತ ಹೇಳೋ ಅಂಗಡಿಯವರ ಮಾತು ನಂಬಿ ಗಾಡಿ ಬಿಟ್ಟು ಬರ್ಬೇಡಿ. ನಮ್ಮ ತೋಟದ ಲೆಕ್ಕ, ಕೆಲಸ ನೋಡ್ಕೊಳ್ಳೋ ರೈಟರ್ ಇವತ್ತೂ ಕುಂಟ್ಕೊಂಡು ಓಡಾಡ್ತಿದ್ದಾರೆ, ಅದಕ್ಕೆ ಬರೀತಿದ್ದೀನಿ.

ನಮ್ಮದು 200 ಸಿಸಿ ಗಾಡಿ, ಬೆಲ್ಟ್ ಇರೋ ಆಟೋಮ್ಯಾಟಿಕ್ಕು, ಹಿಂದಿನ ಆಕ್ಸಲ್‌ಗೆ ಚೈನು. ಕಂಪನಿಯಿಂದ ಬಂದಾಗ ಮುಂದೆ 12 ಹಲ್ಲು, ಹಿಂದೆ 37, ಚೈನು 520 ನಂಬರಿಂದು, ಒಳಗೆ ಸಣ್ಣ ರಬ್ಬರ್ ಬಳೆ ಇರೋ ಓ-ರಿಂಗ್ ಥರದ್ದು. ಕೆಳಗಿನ ಬ್ಲಾಕಿಂದ ಕಣಕ್ಕೆ ಕಾಫಿ ಹಣ್ಣಿನ ಮೂಟೆ ಟ್ರೈಲರಲ್ಲಿ ಎಳೆಯೋದೇ ಅದರ ಕೆಲಸ. ಚೈನು ಸವೆದು ಅಡ್ಜಸ್ಟ್‌ಮೆಂಟ್ ಕೊನೆಗೆ ಬಂದಿತ್ತು. ಹಾಗಾಗಿ ಊರಿನ ಒಂದು ಅಂಗಡಿಗೆ ಗಾಡಿ ಕಳಿಸಿ, ಇದೇ ಅಳತೆಯ ಪೂರ್ತಿ ಸೆಟ್ ಹಾಕಿ, ಎರಡೂ ಸ್ಪ್ರಾಕೆಟ್ ಹೊಸದೇ ಇರ್ಲಿ ಅಂತ ಹೇಳಿ ಚೀಟೀಲೂ ಬರ್ದು ಕೊಟ್ಟಿದ್ದೆ. ಬಿಲ್ಲಲ್ಲೂ ಹಾಗೇ ಇತ್ತು, ಪೂರ್ತಿ ಸೆಟ್ಟು ಅಂತ.

ಗಾಡಿ ಬಂದ ಮೇಲೆ ಸಮತಟ್ಟು ರಸ್ತೇಲಿ ಚೆನ್ನಾಗಿ ಓಡ್ತು, ಮೊದಲಿಗಿಂತ ಜೋರಾಗೇ ಓಡ್ತು. ಆದ್ರೆ ಟ್ರೈಲರ್ ಕಟ್ಟಿ ಏರು ಹತ್ತಿಸಿದ್ರೆ ಎಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ, ರಬ್ಬರ್ ಸುಟ್ಟ ವಾಸನೆ. ಅಂಗಡಿಗೆ ಫೋನ್ ಮಾಡಿದ್ರೆ "ಹೊಸ ಚೈನಲ್ವಾ ಸಾರ್, ಸೆಟ್ ಆಗ್ಬೇಕು, ಸ್ವಲ್ಪ ದಿನ ಓಡ್ಸಿ" ಅಂದ್ರು. ಹೊಸ ಚೈನು ಮೊದಮೊದಲು ಸ್ವಲ್ಪ ಉದ್ದ ಆಗುತ್ತೆ ನಿಜ, ಅದಕ್ಕೂ ಏರು ಹತ್ತದೇ ಇರೋದಕ್ಕೂ ಏನೇನೂ ಸಂಬಂಧ ಇಲ್ಲ.

ಆಮೇಲೊಂದು ದಿನ ಕಣದ ಹತ್ರದ ಏರಲ್ಲಿ ಲೋಡ್ ಇದ್ದಾಗಲೇ ಚೈನು ಕಟ್ಟಾಯ್ತು. ಕಟ್ಟಾದ ತುದಿ ಮುಂದಿನ ಸ್ಪ್ರಾಕೆಟ್ಟಿಗೆ ಸುತ್ಕೊಂಡು ಎಂಜಿನ್ ಕೇಸನ್ನೇ ಒಡೀತು, ಆಯಿಲೆಲ್ಲ ನೆಲಕ್ಕೆ. ಚೈನು ಹೋದ್ರೆ ಹಿಂದಿನ ಚಕ್ರಕ್ಕೆ ಎಂಜಿನ್ ಹಿಡಿತ ಅನ್ನೋದೇ ಇರಲ್ಲ, ಬ್ರೇಕೊಂದೇ ಗತಿ, ಹಿಂದಿನಿಂದ ಟ್ರೈಲರ್ ಭಾರ ಬೇರೆ ಎಳೀತಿದೆ. ಗಾಡಿ ಹಿಂದಕ್ಕೆ ಜಾರಿ ಸಿಲ್ವರ್ ಓಕ್ ಮರಕ್ಕೆ ಬಡಿದು ನಿಲ್ತು, ರೈಟರ್ ಕಾಲು ಮಧ್ಯ ಸಿಕ್ಕಾಕೊಳ್ತು. ಪಕ್ಕದ ಸಾಲಲ್ಲಿ ಹಣ್ಣು ಕೀಳ್ತಿದ್ದ ಹೆಂಗಸರು ಓಡಿ ಬಂದು ಎತ್ತಿದ್ರು. ಮರ ಅಡ್ಡ ಇಲ್ದಿದ್ರೆ ಸೀದಾ ಆ ಹೆಂಗಸರ ಮೇಲೇ ಹೋಗ್ತಿತ್ತು, ಅದನ್ನ ನೆನೆಸ್ಕೊಂಡ್ರೆ ಈಗಲೂ ಕೈಕಾಲು ಆಡಲ್ಲ.

ಬೇರೆ ಮೆಕ್ಯಾನಿಕ್ಕನ್ನ ತೋಟಕ್ಕೇ ಕರೆಸಿ ಎಲ್ಲ ಬಿಚ್ಚಿಸ್ದೆ. ಮುಂದಿನ ಸ್ಪ್ರಾಕೆಟ್ 14 ಹಲ್ಲಿಂದು. ಹಿಂದಿನದು ನಮ್ಮ ಹಳೇದೇ, ಕೊಕ್ಕೆ ಥರ ಬಾಗಿದ್ದ ಹಲ್ಲಿನ ತುದಿಗಳನ್ನ ಗ್ರೈಂಡರಲ್ಲಿ ಉಜ್ಜಿ ಪೇಂಟ್ ಹೊಡ್ದು ಹೊಸದು ಅಂತ ಹಾಕಿದ್ರು. ಚೈನಲ್ಲಿ ಓ-ರಿಂಗೇ ಇಲ್ಲ, ಸಾದಾ ಚೈನು. ಚೈನಿನ ಎರಡು ತುದಿ ಸೇರಿಸೋ ಲಾಕಿನ ಕ್ಲಿಪ್ಪೂ ಉಲ್ಟಾ ಕೂರಿಸಿದ್ರಂತೆ. ಅಂಗಡಿಯವರನ್ನ ಕೇಳಿದ್ರೆ "14 ಹಾಕಿದ್ರೆ ಸ್ಪೀಡ್ ಬರುತ್ತೆ ಅಂತ ಒಳ್ಳೇದಕ್ಕೇ ಹಾಕಿದ್ವಿ" ಅಂದ್ರು, ದುಡ್ಡು ವಾಪಸ್ ಕೊಡೋ ಮಾತೇ ಇಲ್ಲ.

ಈಗ ಲೆಕ್ಕ ನೋಡಿ, ಇದು ಗೊತ್ತಿದ್ರೆ ಯಾರೂ ನಿಮಗೆ ಮೋಸ ಮಾಡಕ್ಕಾಗಲ್ಲ. ಹಿಂದಿನ ಹಲ್ಲನ್ನ ಮುಂದಿನ ಹಲ್ಲಿಂದ ಭಾಗಿಸಿ. 37 ಭಾಗಿಸು 12 ಅಂದ್ರೆ 3.08, ಅದೇ 14 ಆದ್ರೆ 2.64. ಈ ನಂಬರ್ ಇಳಿದಷ್ಟೂ ಸ್ಪೀಡ್ ಜಾಸ್ತಿ, ಎಳೆಯೋ ಶಕ್ತಿ ಕಮ್ಮಿ, ನಮ್ಮ ಗಾಡೀಲಿ ಒಂದೇ ಸಲಕ್ಕೆ ಹೆಚ್ಚುಕಮ್ಮಿ ನೂರಕ್ಕೆ 14 ಭಾಗ ಎಳೆತ ಹೋಗಿತ್ತು. ಬೆಲ್ಟ್ ಗಾಡಿಗೆ ಇದು ಇನ್ನೂ ಕೆಟ್ಟದು, ಲೋಡಲ್ಲಿ ನಿಧಾನಕ್ಕೆ ಹತ್ತುವಾಗ ಬೆಲ್ಟು ಜಾರಿ ಜಾರಿ ಕಾದು ಸುಡುತ್ತೆ, ಆ ವಾಸನೆ ಅದೇ. ಮುಂದೆ ಒಂದು ಹಲ್ಲು ಬದಲಾದ್ರೆ ಹಿಂದೆ ಸುಮಾರು ಮೂರು ಹಲ್ಲು ಬದಲಾದಷ್ಟು ಪರಿಣಾಮ, ಅದಕ್ಕೇ "ಒಂದೆರಡು ಹಲ್ಲು ತಾನೇ" ಅಂದ್ರೆ ಒಪ್ಪಬೇಡಿ. ದೊಡ್ಡ ಟೈರ್ ಹಾಕಿಸಿದ್ರೂ ಗೇರಿಂಗ್ ಇದೇ ಥರ ಸ್ಪೀಡ್ ಕಡೆ ವಾಲುತ್ತೆ, ಎರಡೂ ಸೇರಿದ್ರಂತೂ ಮಲೆನಾಡಿನ ಏರಲ್ಲಿ ಗಾಡಿ ಎಳೆಯೋದೇ ಇಲ್ಲ.

ಚೈನಿನ ನಂಬರ್ ಲಿಂಕ್ ಮೇಲೇ ಕೊರೆದಿರುತ್ತೆ, ಡಬ್ಬಿ ನೋಡ್ಬೇಡಿ, ಲಿಂಕ್ ನೋಡಿ. 520 ಅಂದ್ರೆ ಪಿನ್ನಿಂದ ಪಿನ್ನಿಗೆ 15.875 ಮಿಲಿಮೀಟರ್, ಬೈಕಲ್ಲಿ ಜಾಸ್ತಿ ಸಿಗೋ 428 ಆದ್ರೆ 12.7, ಎರಡೂ ಒಂದೇ ಸ್ಪ್ರಾಕೆಟ್ ಮೇಲೆ ಕೂರಲ್ಲ. 525ಕ್ಕೂ 520ಕ್ಕೂ ಪಿನ್ನಿನ ಅಂತರ ಒಂದೇ ಆದ್ರೂ ಅಗಲ ಬೇರೆ, ಇದನ್ನ ಹೇಳ್ದೆ ದಾಟಿಸೋರು ಇದ್ದಾರೆ. ಓ-ರಿಂಗ್ ಇದ್ರೆ ಪ್ಲೇಟುಗಳ ಮಧ್ಯ ಸಣ್ಣ ರಬ್ಬರ್ ಬಳೆ ಕಣ್ಣಿಗೇ ಕಾಣುತ್ತೆ, ಪಿನ್ನಿನ ಗ್ರೀಸ್ ಹೊರಗೆ ಹೋಗದಂಗೆ, ನಮ್ಮ ಕೆಂಪು ಮಣ್ಣು ಒಳಗೆ ಬರದಂಗೆ ಅದು ತಡೆಯುತ್ತೆ. ಅದನ್ನ ಪೆಟ್ರೋಲಲ್ಲಿ ತೊಳೀಬೇಡಿ, ವೈರ್ ಬ್ರಷ್ ಹಾಕ್ಬೇಡಿ, ಪ್ರೆಷರ್ ವಾಷರ್ ಹತ್ರ ಹಿಡೀಬೇಡಿ, ಸೀಮೆಎಣ್ಣೆ ಮತ್ತೆ ಮೆತ್ತಗಿರೋ ಬ್ರಷ್ ಸಾಕು.

ಇನ್ನೊಂದು ವಿಷಯ, ನಮ್ಮ ಥರದ ಗಾಡಿಗಳಿಗೆ ಹಿಂದೆ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇರಲ್ಲ, ಎರಡೂ ಚಕ್ರ ಒಂದೇ ಆಕ್ಸಲ್ಲಿಗೆ, ತಿರುವಲ್ಲಿ ಟೈರು ಉಜ್ಜೋ ಜಗ್ಗಾಟ ಎಲ್ಲ ಚೈನಿಗೇ ಬೀಳುತ್ತೆ, ರಿವರ್ಸ್ ಹೋದ್ರೆ ಚೈನು ಉಲ್ಟಾ ದಿಕ್ಕಿಗೂ ಎಳೆಯುತ್ತೆ. ಕ್ಲಿಪ್ ಲಾಕಿನ ಮುಚ್ಚಿರೋ ತುದಿ ಚೈನು ಓಡೋ ದಿಕ್ಕಿಗೆ ಇರ್ಬೇಕು, ರಿವರ್ಸ್ ಜಾಸ್ತಿ ಬಳಸೋ ತೋಟದ ಗಾಡಿಗೆ ಕ್ಲಿಪ್ಪಿಲ್ಲದೆ ಪಿನ್ನಿನ ತಲೆ ಬಡಿದು ಕೂರಿಸೋ ರಿವೆಟ್ ಲಿಂಕೇ ವಾಸಿ. ಹೊಸ ಚೈನಿಗೆ ಹಳೇ ಸ್ಪ್ರಾಕೆಟ್ ಬಿಡಲೇಬೇಡಿ, ಬಾಗಿದ ಹಲ್ಲು ಹೊಸ ಚೈನನ್ನ ಬೇಗ ತಿಂದುಹಾಕುತ್ತೆ.

ಚೈನು ಸವೆದಿದ್ಯಾ ಅಂತ ಮನೇಲೇ ನೋಡ್ಬಹುದು. 520 ಚೈನಲ್ಲಿ ಒಂದು ಪಿನ್ನಿಂದ ಶುರು ಮಾಡಿ ಹದಿನೇಳನೇ ಪಿನ್ನಿನ ಮಧ್ಯಕ್ಕೆ ಟೇಪ್ ಹಿಡೀರಿ, ಹೊಸದು 254 ಮಿಲಿಮೀಟರ್ ಇರುತ್ತೆ, 259ರ ಹತ್ರ ಬಂತು ಅಂದ್ರೆ ಬದಲಾಯಿಸೋ ಹೊತ್ತಾಯ್ತು.

ನಾವೀಗ ಮುಂದೆ 12, ಹಿಂದೆ 40 ಹಾಕಿಸಿದ್ದೀವಿ, 3.33 ಬರುತ್ತೆ. ಹಿಂದಿನದು ದೊಡ್ಡದಾಗಿದ್ದಕ್ಕೆ ಚೈನು ಎರಡು ಲಿಂಕ್ ಉದ್ದ ಬೇಕಾಯ್ತು, ಅದನ್ನ ಮೊದಲೇ ಹೇಳಿ ತರಿಸ್ಕೊಳ್ಳಿ. ಕಡೂರು, ಅರಸೀಕೆರೆ ಕಡೆ ಬಯಲಲ್ಲಿ ಓಡಿಸೋರಿಗೆ ಇಷ್ಟು ಎಳೆತ ಬೇಕಾಗಲ್ಲ, ಕಂಪನಿ ಅಳತೇನೇ ಸಾಕು. ಆದ್ರೆ ಎಲ್ಲೇ ಹಾಕಿಸಿ, ಬಿಲ್ಲಲ್ಲಿ "ಚೈನ್ ಸೆಟ್" ಅಂತ ಬರೆಸ್ಕೊಂಡು ಬಿಡಬೇಡಿ, ಚೈನಿನ ನಂಬರು, ಓ-ರಿಂಗೋ ಸಾದಾನೋ, ಮುಂದೆ ಹಿಂದೆ ಎಷ್ಟು ಹಲ್ಲು ಅಂತ ಬರೆಸಿ, ತೆಗೆದ ಹಳೇ ಚೈನು ಮತ್ತೆ ಎರಡೂ ಹಳೇ ಸ್ಪ್ರಾಕೆಟ್ ಕೈಗೆ ಇಸ್ಕೊಂಡ ಮೇಲೇ ದುಡ್ಡು ಕೊಡಿ.