ಹಳೆಯ ಲೇತಿಗೆ ಹೊಸ ಬೀಡು: ಎಂಡಿಎಫ್, ಸಾಗುವಾನಿ, ಹಲಸು – ಮೂರರಲ್ಲೂ ಪ್ಯಾಟರ್ನ್ ಮಾಡಿ ನೋಡಿದೆ

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ನನ್ನ ವರ್ಕ್‌ಶಾಪಿನಲ್ಲಿ ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತ್ ಒಂದಿದೆ. ಅದನ್ನು ಹೆತ್ತ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಬೆಡ್, ಅಂದರೆ ಲೇತಿನ ತಳದ ಉದ್ದನೆಯ ಭಾಗ, ಇವತ್ತಿಗೂ ಗಟ್ಟಿಮುಟ್ಟಾಗಿದೆ. ಒಡೆಯುವುದೆಲ್ಲ ಸುತ್ತಲಿನ ಸಣ್ಣಪುಟ್ಟ ಬೀಡಿನ (ಎರಕದ ಕಬ್ಬಿಣದ) ಭಾಗಗಳು. ಎರಡು ವರ್ಷದಲ್ಲಿ ಚೇಂಜ್ ಗೇರುಗಳನ್ನು ಹೊರುವ ಬ್ರಾಕೆಟ್ ಹೋಯಿತು, ಆಮೇಲೆ ಕ್ಯಾರೇಜಿನ ಕೈಚಕ್ರ ಹೋಯಿತು. ಗುಜರಿ ಅಂಗಡಿಗಳನ್ನು ಸುತ್ತಿ ಸಾಕಾದ ಮೇಲೆ ಉಳಿದದ್ದು ಒಂದೇ ದಾರಿ: ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡಿಕೊಂಡು ಮಾಚೇನಹಳ್ಳಿಯ ಫೌಂಡ್ರಿಗೆ ಹೋಗಿ ಎರಕ ಹೊಯ್ಯಿಸುವುದು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮುರಿದ ಬ್ರಾಕೆಟ್ಟನ್ನೇ ಎಪಾಕ್ಸಿ ಅಂಟಿನಿಂದ ಜೋಡಿಸಿ ಪ್ಯಾಟರ್ನಾಗಿ ಮರಳಿಗೆ ಕೊಟ್ಟೆ. ಬೀಡು ಗಟ್ಟಿಯಾಗಿ ತಣಿಯುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ ಎಂಬುದು ಗೊತ್ತಿದ್ದರೂ ‘ಇಷ್ಟು ಸಣ್ಣದಕ್ಕೆ ಏನಾದೀತು’ ಎಂದುಕೊಂಡಿದ್ದೆ. ಎರಡು ಬಾಸ್‌ಗಳ (ತೂತು ಕೊರೆಯುವ ದಪ್ಪನೆಯ ಉಬ್ಬುಗಳ) ನಡುವೆ ಕೇಂದ್ರದಿಂದ ಕೇಂದ್ರಕ್ಕೆ 180 ಮಿ.ಮೀ. ಇದ್ದದ್ದು 178ರ ಆಸುಪಾಸಿಗೆ ಬಂತು. ತೂತನ್ನು ಇರಬೇಕಾದ ಜಾಗದಲ್ಲೇ ಕೊರೆದರೆ ಬಾಸಿನ ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ಬದಿ ತೆಳು. ಯಂತ್ರದಲ್ಲಿ ಮುಖ ಕಡೆದು ಮಟ್ಟ ಮಾಡಲು ಲೋಹವೇ ಉಳಿದಿರಲಿಲ್ಲ. ಅಳತೆಯ ಹಂಗಿಲ್ಲದ ಹಿಡಿಕೆಗೋ ಮುಚ್ಚಳಕ್ಕೋ ಈ ದಾರಿ ಸಾಕು, ಅದರಾಚೆಗೆ ಬೇಡ.

ಥರ್ಮೊಕೋಲ್ ಕೆತ್ತಿ, ಮರಳಿನಲ್ಲೇ ಬಿಟ್ಟು, ಅದರ ಮೇಲೆಯೇ ಲೋಹ ಹೊಯ್ಯಿಸುವುದನ್ನೂ ಒಮ್ಮೆ ನೋಡಿದೆ. ಮೈಯೆಲ್ಲ ಕಾಳು ಕಾಳು. ಎರಕ ಕೆಟ್ಟರೆ ಪ್ಯಾಟರ್ನೂ ಉರಿದುಹೋಗಿರುತ್ತದೆ. ಅಲ್ಲಿಗೆ ಬಿಟ್ಟೆ.

ಮರಕ್ಕೆ ಇಳಿದಾಗ ಮೊದಲು ಬೇಕಾದದ್ದು ಕುಗ್ಗುವಿಕೆಯ ಸ್ಕೇಲು. ಬೀಡಿನ ಸ್ಕೇಲಿನಲ್ಲಿ 100 ಎಂದು ಬರೆದಿರುವ ಗೆರೆ ನಿಜಕ್ಕೂ 101 ಮಿ.ಮೀ. ದೂರದಲ್ಲಿರುತ್ತದೆ, ಲೆಕ್ಕ ಹಾಕುವ ಗೋಜಿಲ್ಲದೆ ಡ್ರಾಯಿಂಗಿನ ಅಳತೆಯನ್ನೇ ಮರದ ಮೇಲೆ ಎಳೆಯಬಹುದು. ಯಂತ್ರಕ್ಕೆ ಹೋಗುವ ಮುಖಗಳಿಗೆ 3 ಮಿ.ಮೀ. ಹೆಚ್ಚು, ಮರಳಿನಿಂದ ಎತ್ತುವ ಬದಿಗಳಿಗೆ ಒಂದೆರಡು ಡಿಗ್ರಿ ಓರೆ, ಒಳಮೂಲೆಗಳಿಗೆಲ್ಲ ದುಂಡನೆಯ ತುಂಬು. ಯಾವ ಮರವಾದರೂ ಇಷ್ಟು ಬೇಕೇ ಬೇಕು.

ಬ್ರಾಕೆಟ್ಟಿನ ಪ್ಯಾಟರ್ನನ್ನು ಮೊದಲು ಎಂಡಿಎಫ್‌ನಲ್ಲಿ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಮಾಡಿದೆ. ಪೀಠೋಪಕರಣದ ಅಂಗಡಿಯಲ್ಲಿ ತುಂಡುಗಳು ಸುಮ್ಮನೆ ಸಿಕ್ಕವು. ಎಳೆಯಿಲ್ಲ, ಗಂಟಿಲ್ಲ, ಯಾವ ದಿಕ್ಕಿಗೆ ಬೇಕಾದರೂ ಕೊರೆಯಬಹುದು. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಫೆಬ್ರುವರಿಯಲ್ಲಿ ಹೊಯ್ಯಿಸಿದ ಎರಕ ಅಚ್ಚುಕಟ್ಟಾಗಿ ಬಂತು. ಅದೇ ಪ್ಯಾಟರ್ನನ್ನು ಜುಲೈಯಲ್ಲಿ ಗೆಳೆಯನ ಲೇತಿಗಾಗಿ ಹೊರತೆಗೆದೆ. ಮೇಲ್ಮೈ ನುಣುಪಾಗಿಯೇ ಇತ್ತು, ಆದರೆ ಕತ್ತರಿಸಿದ ಅಂಚುಗಳು ನೀರಿಗೆ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬಿದ್ದವು. ಓರೆ ಇದ್ದ ಬದಿಯಲ್ಲಿ ಹೊಟ್ಟೆ ಬಂದಿತ್ತು. ಎತ್ತುವಾಗ ಮರಳಿನ ಅಂಚು ಕಿತ್ತುಕೊಂಡು ಬಂತು. ಅಂಚುಗಳಿಗೆ ಅರಗಿನ ವಾರ್ನಿಷ್ ಒಂದೇ ಕೋಟು ಕೊಟ್ಟದ್ದು ನನ್ನ ತಪ್ಪು. ಎಂಡಿಎಫ್‌ಗೆ ಅಂಚಿನಲ್ಲಿ ಮೂರು ನಾಲ್ಕು ಕೋಟಾದರೂ ಬೇಕು. ಅಷ್ಟಾದರೂ ಮಲೆನಾಡಿನ ಒಂದು ಮಳೆಗಾಲ ದಾಟಿಸುವ ಧೈರ್ಯ ನನಗಿಲ್ಲ.

ಸಾಗುವಾನಿಗೆ ದುಡ್ಡು ಹೆಚ್ಚು, ಆದರೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಉಳಿಗೆ ಸಲೀಸಾಗಿ ಸೀಳುತ್ತದೆ, ತೆಳು ಅಂಚು ನಿಲ್ಲುತ್ತದೆ. ಉಳಿಯ ಮೊನೆ ಬೇಗ ಮೊಂಡಾಗುವುದು ನಿಜ. ಮರದ ಎಣ್ಣೆಯಂಶದಿಂದ ಅಂಟು ಹಿಡಿಯುವುದಿಲ್ಲ. ಜೋಡಿಸುವ ಮುಖವನ್ನು ಥಿನ್ನರ್‌ನಿಂದ ಒರೆಸಿ ಕೂಡಲೇ ಅಂಟಿಸಬೇಕು.

ಹಲಸು ನನ್ನ ಮನೆಯದೇ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹತ್ತಾರು ವರ್ಷ ಹೊಗೆ ಕುಡಿದ ಹಲಗೆ. ಕೀಸಿದರೆ ಹೊರಗಿನ ಕಪ್ಪು ಹೋಗಿ ಅರಿಸಿನದ ಬಣ್ಣ ಬರುತ್ತದೆ. ಎಳೆ ಒಂದು ಪಟ್ಟಿಯಲ್ಲಿ ಈ ಕಡೆಗೆ, ಪಕ್ಕದ ಪಟ್ಟಿಯಲ್ಲಿ ಆ ಕಡೆಗೆ ಮಲಗಿರುವುದರಿಂದ ಕೀಸುಳಿ ಯಾವ ದಿಕ್ಕಿಗೆ ಓಡಿಸಿದರೂ ಎಲ್ಲೋ ಒಂದು ಕಡೆ ಚಕ್ಕೆ ಏಳುತ್ತದೆ. ಕೊನೆಗೆ ಉಪ್ಪುಕಾಗದದಲ್ಲೇ ಮುಗಿಸಬೇಕಾಯಿತು. ಬ್ರಾಕೆಟ್ಟಿನ ಮಟ್ಟಸವಾದ ತೋಳಿಗೆ ಮಾತ್ರ ಇದು ಸಾಗುವಾನಿಗೆ ಸರಿಸಮ. ಎರಡು ಮಳೆಗಾಲ ಕಳೆದರೂ ಕೇಂದ್ರಗಳ ದೂರ ಕದಲಿಲ್ಲ.

ನನಗೆ ಪಾಠ ಕಲಿಸಿದ್ದು ಕೈಚಕ್ರ. 220 ಮಿ.ಮೀ. ವ್ಯಾಸದ ಚಕ್ರವನ್ನು ಅದೇ ಹಲಸಿನ ಒಂದೇ ಅಗಲ ಹಲಗೆಯಿಂದ ಲೇತಿನಲ್ಲಿ ತಿರುವಿದೆ. ಬೇಸಿಗೆಯಲ್ಲಿ ಪಕ್ಕಾ ದುಂಡು. ಆಷಾಢದಲ್ಲಿ ಕ್ಯಾಲಿಪರ್ ಹಿಡಿದರೆ ಎಳೆಯ ಉದ್ದಕ್ಕೆ ಅದೇ ಅಳತೆ, ಅಡ್ಡಕ್ಕೆ ಒಂದೂವರೆ ಮಿ.ಮೀ. ಹೆಚ್ಚು. ಬೀಡು ಕುಗ್ಗಲೆಂದು ನಾನು ಅಷ್ಟು ಜೋಪಾನವಾಗಿ ಸೇರಿಸಿದ್ದು ಎರಡು ಮಿ.ಮೀ. ಹತ್ತಿರ, ಮಳೆ ಅದರ ಮುಕ್ಕಾಲು ಪಾಲನ್ನು ಒಂದೇ ದಿಕ್ಕಿಗೆ ತಾನಾಗಿ ಸೇರಿಸಿಬಿಟ್ಟಿತ್ತು. ಪಕ್ಕದ ಶೆಡ್ಡಿನ ಹಿರಿಯ ಆಚಾರರು ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ, “ಮರ ಉದ್ದಕ್ಕೆ ಸುಮ್ಮನಿರುತ್ತದೆ, ಅಡ್ಡಕ್ಕೆ ಸುಮ್ಮನಿರುವುದಿಲ್ಲ ಮಾರಾಯರೇ. ಚಕ್ರವನ್ನು ತುಂಡು ತುಂಡಾಗಿ ಕಟ್ಟಬೇಕು” ಎಂದರು.

ಹಾಗೆಯೇ ಮತ್ತೆ ಕಟ್ಟಿದೆ, ಈ ಸಲ ಸಾಗುವಾನಿಯಲ್ಲಿ. ಒಂದು ಸುತ್ತಿಗೆ ಆರು ತುಂಡು, ಪ್ರತಿ ತುಂಡಿನ ಎಳೆಯೂ ಚಕ್ರದ ಸುತ್ತಿನ ಕಡೆಗೆ. ಅದರ ಮೇಲೆ ಇನ್ನೆರಡು ಸುತ್ತು, ಇಟ್ಟಿಗೆ ಗೋಡೆಯಂತೆ ಕೂಡು ಕೂಡಿನ ಮೇಲೆ ಬಾರದ ಹಾಗೆ. ಮೂರು ದಿನ ಹಿಡಿಯಿತು. ಕಳೆದ ಮಳೆಗಾಲದಲ್ಲಿ ಯಾವ ದಿಕ್ಕಿಗೆ ಅಳೆದರೂ ವ್ಯತ್ಯಾಸ ಕಾಲು ಮಿ.ಮೀ. ಒಳಗೇ ಇತ್ತು. ಮೋಲ್ಡಿಂಗ್ ಮಾಡುವವರು ತಟ್ಟಿ ಸಡಿಲಿಸಿ ಎತ್ತಿದಾಗ ಒಂದು ಕಾಳು ಮರಳೂ ಜಾರಲಿಲ್ಲ.

ಒಂದೇ ಎರಕ ಸಾಕು, ಬೇಸಿಗೆಯಲ್ಲೇ ಹೊಯ್ಯಿಸುತ್ತೇನೆ ಎನ್ನುವವರು ಎಂಡಿಎಫ್ ಹಿಡಿಯಲಿ, ದುಡ್ಡು ದಂಡವಿಲ್ಲ. ಉದ್ದನೆಯ ತೋಳು, ಪಟ್ಟಿ, ಲಿವರುಗಳಿಗೆ ಮನೆಯಲ್ಲಿ ಹಳೆಯ ಹಲಸಿದ್ದರೆ ಸಾಗುವಾನಿ ಕೊಳ್ಳುವ ಅಗತ್ಯವೇ ಇಲ್ಲ. ದುಂಡನೆಯದು, ಗೆಳೆಯರ ಲೇತಿಗೂ ಮತ್ತೆ ಮತ್ತೆ ಬೇಕಾಗುವಂಥದು ಆದರೆ ಸಾಗುವಾನಿಯ ತುಂಡುಗಳಲ್ಲೇ ಕಟ್ಟಿ. ನಮ್ಮ ಚಕ್ರದ ಪ್ಯಾಟರ್ನ್ ಈಗ ಬಚ್ಚಲ ಮೇಲಿನ ಅಟ್ಟದಲ್ಲಿದೆ, ಹಲಗೆ ಮೊದಲು ಇದ್ದ ಜಾಗದಲ್ಲೇ.